ಅವತ್ತಿನ ನೆಲಗಾಳಿ

ನಾಳೆ ಸಮುದ್ರ ಹೇಗಿರುತ್ತದೆಂದು ಇವತ್ತೇ ಹೇಳುವುದು ಅವಳ ಕೆಲಸ. ಬಂದರಿನ ಎದುರು ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಎರಡು ಕೋಣೆಯ ಆಫೀಸು. ಒಂದರಲ್ಲಿ ಹಡಗಿನವರಿಗೂ ಮೀನುದೋಣಿಯವರಿಗೂ ಮುನ್ಸೂಚನೆ ತಯಾರಾಗುತ್ತಿತ್ತು. ಅದು ಬೇರೆಯವರ ಪಾಲು. ಇನ್ನೊಂದರಲ್ಲಿ, ಕಿಟಕಿಗೆ ಬೆನ್ನು ಹಾಕಿ, ಮೂರು ಪರದೆಗಳ ಮುಂದೆ ಇವಳು ಕೂತಿರುತ್ತಿದ್ದಳು. ಇವಳು ಬರೆಯುತ್ತಿದ್ದದ್ದು ಸರ್ಫಿಂಗ್ ಮಾಡುವವರಿಗೆ: ಯಾವ ಕಡೆಯಿಂದ ಅಲೆ, ಎಷ್ಟು ಎತ್ತರ, ಒಂದರ ಹಿಂದೆ ಇನ್ನೊಂದು ಎಷ್ಟು ಬಿಡುವು ಕೊಟ್ಟು ಬರುತ್ತದೆ, ಗಾಳಿ ಎತ್ತ, ಉಬ್ಬರ ಯಾವಾಗ. ದಿನಾ ಸಂಜೆ ಮನೆಗೆ ಹೊರಡುವ ಮುಂಚೆ ನಾಲ್ಕಾರು ಸಾಲು ಬರೆದು ಹಾಕುತ್ತಿದ್ದಳು. ಊರಿನ ಸರ್ಫರ್‌ಗಳು ಅದಕ್ಕೆ ‘ಗಾಳಿಮಾತು’ ಎಂದು ಹೆಸರಿಟ್ಟಿದ್ದರು, ಇವಳಿಗೆ ‘ಗಾಳಿಯಕ್ಕ’ ಎಂದು. ಕರೆಯುವುದು ಗಾಳಿಮಾತು ಅಂತಾದರೂ ಅಷ್ಟು ಗಟ್ಟಿ ಮಾತು ಆ ದಂಡೆಯಲ್ಲಿ ಇನ್ನೊಂದಿರಲಿಲ್ಲ. ಗಾಳಿಯಕ್ಕ ಬೇಡ ಅಂದರೆ ಜನ ಬೋರ್ಡನ್ನು ಗೋಡೆಗೆ ಒರಗಿಸಿ ಮತ್ತೆ ಮುಸುಕೆಳೆದುಕೊಳ್ಳುತ್ತಿದ್ದರು.

ಅವಳೇನೂ ಸರ್ಫರ್ ಅಲ್ಲ. ಮಂಡಿ ಮುಳುಗುವಷ್ಟು ನೀರು ಬಂದರೆ ಹಿಂದಕ್ಕೆ ತಿರುಗುವವಳು. ಸಮುದ್ರ ಅವಳಿಗೆ ಅಂಕಿಗಳಲ್ಲೇ ಚೆನ್ನಾಗಿ ಅರ್ಥವಾಗುತ್ತಿತ್ತು. ದಂಡೆಯಿಂದ ಬಹಳ ದೂರದಲ್ಲಿ ನೀರಿನ ಮೇಲೆ ತೇಲುತ್ತಾ ಅಲೆ ಅಳೆಯುವ ಒಂದು ಯಂತ್ರವಿತ್ತು. ದುಂಡಗೆ, ಹಳದಿ ಬಣ್ಣದ್ದು. ಆಫೀಸಿನಲ್ಲಿ ಎಲ್ಲರೂ ಅದನ್ನು ಬುರುಡೆ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಮೊದಲು ಹೇಳುತ್ತಿದ್ದ ಮಾತು: “ನಾವು ಬುರುಡೆ ಬಿಡಬಹುದು, ಬುರುಡೆ ಬಿಡಲ್ಲ.”

ಊರಿನಾಚೆ, ದೀಪಸ್ತಂಭದ ಹತ್ತಿರ, ನೀರಿನಡಿ ಒಂದು ಬಂಡೆಸಾಲು. ಆಳದಲ್ಲಿ ಸದ್ದಿಲ್ಲದೆ ಬಂದ ಅಲೆ ಅಲ್ಲಿಗೆ ಬಂದೊಡನೆ ಎಡವಿದ ಹಾಗೆ ಎದ್ದು ನಿಂತು, ಮುಂದಕ್ಕೆ ಬಾಗಿ, ಒಳಗೆ ಟೊಳ್ಳಾಗಿ ಸುರುಳಿ ಸುತ್ತುತ್ತದೆ. ಆ ಸುರುಳಿಯೊಳಗೆ ಬೋರ್ಡಿನ ಮೇಲೆ ನಿಂತು ಆಚೆ ಬಂದವರು ಮಾತಾಡಲು ಸ್ವಲ್ಪ ಹೊತ್ತು ಬೇಕು. ಬಿದ್ದವರಿಗೆ ಮಾತ್ರ ಕೆಳಗೆ ಸೊಂಟದಷ್ಟೂ ನೀರಿಲ್ಲ, ಬರೀ ಬಂಡೆಯ ಚೂಪು. ಕಲಿಯುವವರು ಆ ಕಡೆ ತಲೆ ಹಾಕುವಂತಿಲ್ಲ. ಅದಕ್ಕೆ ‘ದವಡೆ’ ಎಂದು ಹೆಸರಿಟ್ಟವರು ಅವಳ ಸೋದರಮಾವ. ಅವರು ಹಲ್ಲಿನ ಡಾಕ್ಟರು. ಹಗಲೆಲ್ಲ ಜನರ ಬಾಯಲ್ಲಿ ಕೈ, ಬೆಳಗಾದರೆ ದವಡೆಯ ಬಾಯಲ್ಲಿ ತಾವೇ. “ಎರಡೂ ಕಡೆ ಒಂದೇ ನಿಯಮ. ಮುಚ್ಚಿಕೊಳ್ಳೋ ಮುಂಚೆ ಆಚೆ ಬರಬೇಕು,” ಎನ್ನುತ್ತಿದ್ದರು.

ಅವಳ ತಂಗಿಗೆ ಸರ್ಫಿಂಗ್ ಹುಚ್ಚು ಹಿಡಿಸಿದವರೂ ಮಾವನೇ. ತಂಗಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಅಕ್ಕ ತಂಗಿ ಇಬ್ಬರೂ ಒಂದೇ ಮನೆಯಲ್ಲಿದ್ದರು. ಬಚ್ಚಲಿನಲ್ಲಿ ಯಾವಾಗಲೂ ತಂಗಿಯ ರಬ್ಬರ್ ಉಡುಪು ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿತ್ತು, ಹಜಾರದಲ್ಲಿ ಬೋರ್ಡುಗಳು ದಾರಿಗಡ್ಡ ಬಿದ್ದಿರುತ್ತಿದ್ದವು. ಅಕ್ಕ ಗೊಣಗುತ್ತಿದ್ದಳು, ತಂಗಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ದಿನಗಳು ಹೀಗೇ ಸಾಗುತ್ತಿದ್ದವು.

ಹಿಂದಿನ ವರ್ಷ ಒಂದು ಬೆಳಿಗ್ಗೆ ಅಕ್ಕ ತಂಗಿಗೆ ಹೇಳದೆ ದೀಪಸ್ತಂಭದ ಗುಡ್ಡ ಹತ್ತಿ, ದುರ್ಬೀನು ಹಿಡಿದು ನೋಡುತ್ತಾ ನಿಂತಿದ್ದಳು. ಅಂದು ತಂಗಿ ಬಿದ್ದಳು. ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ ಕಿತ್ತುಹೋಗಿ ಬೋರ್ಡು ಮಾತ್ರ ಮೇಲೆ ಬಂತು. ಅದರ ಮೇಲೆ ಒಂದು ಅಲೆ ಹೋಯಿತು. ಇನ್ನೊಂದು ಹೋಯಿತು. ಅದಾದ ಮೇಲೆ, ಎಲ್ಲೋ ಬೇರೆ ಕಡೆಯೇ, ನೊರೆಯ ನಡುವೆ ಒಂದು ತಲೆ ಕಂಡಿತು. ಬೆನ್ನಿಡೀ ತರಚಿಕೊಂಡು ಬಂದ ತಂಗಿ ಮನೆಯಲ್ಲಿ ನಗುತ್ತಾ, “ಬಂಡೆ ಸ್ವಲ್ಪ ಮುದ್ದು ಮಾಡ್ತು,” ಎಂದಳು. ಅಕ್ಕ ಔಷಧಿ ಹಚ್ಚಿದಳು. ತಾನು ನೋಡಿದ್ದೆ ಎಂದು ಹೇಳಲಿಲ್ಲ. ಆದರೆ ಅಂದಿನಿಂದ ದವಡೆಗೆ ಒಳ್ಳೆಯ ಅಲೆ ಬರುತ್ತದೆಂದು ಬರೆದ ಸಂಜೆಗಳಲ್ಲಿ ಅವಳು ತಂಗಿಯ ಬೋರ್ಡಿನ ಹಗ್ಗವನ್ನು ಎಳೆದೆಳೆದು ನೋಡುತ್ತಿದ್ದಳು.

ಅದರ ಮರುವರ್ಷ ಮಾವನ ಕುತ್ತಿಗೆ ಕೈಕೊಟ್ಟಿತು. ಜೀವಮಾನವಿಡೀ ರೋಗಿಗಳ ಬಾಯಿಗೆ ಬಗ್ಗಿದ್ದಕ್ಕೋ, ಬೋರ್ಡಿನ ಮೇಲೆ ಮಲಗಿ ತಲೆ ಎತ್ತಿ ಈಜಿದ್ದಕ್ಕೋ, ಅಂತೂ ಮೂಳೆ ಸವೆದು ನರ ಒತ್ತುತ್ತಿತ್ತು. ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಆಪರೇಷನ್ ಮಾಡಿ ಕುತ್ತಿಗೆ ಮೂಳೆಗಳನ್ನು ಬೆಸೆಯಬೇಕು ಎಂದಾಯಿತು. ಬೆರಳು ಉಳಿಯುತ್ತದೆ, ಕುತ್ತಿಗೆ ಮೊದಲಿನ ಹಾಗೆ ತಿರುಗುವುದಿಲ್ಲ.

ದಿನ ಗೊತ್ತಾದ ಮೇಲೆ ಮಾವ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಅಷ್ಟು ವರ್ಷದಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಕುರ್ಚಿ ಎಳೆದುಕೊಂಡು ಪರದೆಗಳ ಬಣ್ಣಬಣ್ಣದ ನಕ್ಷೆಗಳನ್ನು ನೋಡಿದರು.

“ಇದರಲ್ಲೇ ಏನೇ ನೀನು ನಮ್ಮ ಹಣೆಬರಹ ನೋಡೋದು?”

“ಹೂಂ ಮಾವ. ಏನು ಬೇಕಿತ್ತು, ಹೇಳಿ.”

“ಆಪರೇಷನ್ ಆದ ಮೇಲೆ ದವಡೆ ಮುಗೀತು ಅಂತ ಇಟ್ಕೋ. ಅದಕ್ಕೆ ಮುಂಚೆ ಒಂದು ಸಲ ಹೋಗಬೇಕು. ದೊಡ್ಡದು ಬೇಡ, ನನಗೆ ಆಗಲ್ಲ. ತಲೆ ಎತ್ತರದ ಅಲೆ ಸಾಕು. ನಿಧಾನಕ್ಕೆ ಬರಬೇಕು, ನೆಲಗಾಳಿ ಇರಬೇಕು, ಅರ್ಧ ಉಬ್ಬರ. ಅಂಥದ್ದೊಂದು ಬೆಳಿಗ್ಗೆ ಹುಡುಕಿ ಕೊಡು.”

ನೆಲಗಾಳಿ ಅಂದರೆ ದಂಡೆಯಿಂದ ಸಮುದ್ರದ ಕಡೆಗೆ ಬೀಸುವ ತಂಗಾಳಿ. ಅದು ಅಲೆಯ ಮುಖವನ್ನು ಸವರಿ ನಯ ಮಾಡುತ್ತದೆ. ಎದುರಿನಿಂದ ಬರುವ ಕಡಲಗಾಳಿ ಅದನ್ನೇ ಚಿಂದಿ ಮಾಡುತ್ತದೆ.

“ಡಾಕ್ಟರನ್ನ ಕೇಳಿದ್ರಾ?”

“ಕೇಳಿದ್ರೆ ಬೇಡ ಅಂತಾರೆ. ನಾನೂ ಡಾಕ್ಟರೇ ಅಲ್ವಾ? ನಾವು ಹೇಗೆ ಬೇಡ ಅಂತೀವಿ ಅಂತ ನನಗೆ ಗೊತ್ತಿಲ್ವಾ?”

ಅವಳಿಗೆ ನಗು ಬಂತು. “ಕಂಡ ತಕ್ಷಣ ಹೇಳ್ತೀನಿ ಮಾವ. ಮಾತು ಕೊಟ್ಟೆ.”

“ನಿನ್ನ ಗಾಳಿಮಾತು ದಿನಾ ಓದ್ತೀನಿ. ಅದರಲ್ಲಿ ಬಂದರೆ ಸಾಕು,” ಎಂದು ಮಾವ ಎದ್ದರು. ಬಾಗಿಲ ಹತ್ತಿರ ನಿಂತು, “ಹಿಂದಿನ ದವಡೆಹಲ್ಲು ತೋರಿಸೋಕೆ ಬಾ ಅಂದು ಎಷ್ಟು ದಿನ ಆಯ್ತು? ಬರೀ ಸಮುದ್ರದ ದವಡೆ ನೋಡ್ತಾ ಕೂತಿದ್ದೀಯ,” ಎಂದು ಗದರಿ ಹೋದರು.

ಕೆಲವು ದಿನ ಏನೂ ಇರಲಿಲ್ಲ. ಆಮೇಲೆ ನಕ್ಷೆಯ ಒಂದು ಮೂಲೆಯಲ್ಲಿ, ಯಾವ ದಂಡೆಗೂ ಸಂಬಂಧವಿಲ್ಲದ ನಡುಗಡಲಿನಲ್ಲಿ, ಬಿರುಗಾಳಿಯೊಂದು ಸುತ್ತಿಕೊಂಡಿತು. ಅಲ್ಲಿ ಎದ್ದ ಅಲೆಗಳು ಇಲ್ಲಿಗೆ ಬರುವಷ್ಟರಲ್ಲಿ ಗಲಾಟೆಯೆಲ್ಲ ಕಳೆದು ಸಾಲಾಗಿ, ಶಿಸ್ತಾಗಿ ಬರುತ್ತವೆ. ಅವಳು ಲೆಕ್ಕ ಹಾಕಿದಳು. ಬೆಳಗಿನ ಜಾವ ದವಡೆಯಲ್ಲಿ ಅಲೆ ಎರಡಾಳೆತ್ತರ. ಸಿಕ್ಕಾಪಟ್ಟೆ ಶಕ್ತಿ. ಹೊತ್ತೇರಿದಂತೆ ಇಳಿದು, ಮಧ್ಯಾಹ್ನಕ್ಕೆ ಮುಂಚೆ ತಲೆ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಅರ್ಧ ಉಬ್ಬರ. ಪೂರ್ತಿ ನೆಲಗಾಳಿ. ಮಾವ ಕೇಳಿದ್ದನ್ನು ಯಾರೋ ಅಳತೆ ತೆಗೆದುಕೊಂಡು ಹೊಲಿದು ಕೊಟ್ಟ ಹಾಗಿತ್ತು.

ಆದರೆ ಅವಳ ಕಣ್ಣು ನಿಂತದ್ದು ಬೆಳಗಿನ ಜಾವದ ಎರಡಾಳೆತ್ತರದ ಮೇಲೆ. ತಂಗಿ ಅದನ್ನು ಓದಿದರೆ ಕತ್ತಲೆಗೇ ಹೊರಡುತ್ತಾಳೆ. ಹೋಗಬೇಡ ಎಂದರೆ ಕೇಳುವ ಪೈಕಿಯಲ್ಲ. ಕಣ್ಣಿಗೆ ಮತ್ತೆ ಆ ಖಾಲಿ ಬೋರ್ಡು ಬಂತು. ಅದರ ಮೇಲೆ ಹಾದುಹೋದ ಎರಡು ಅಲೆಗಳು ಬಂದವು.

ಮಾವನಿಗೊಬ್ಬರಿಗೇ ಫೋನ್ ಮಾಡಿ ಹೇಳಿಬಿಡೋಣ ಎಂದೂ ಅನಿಸಿತು. ಆದರೆ ಮಾವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಫೋನಿಟ್ಟ ಕ್ಷಣವೇ ತಂಗಿಗೆ, “ಬಾರೇ, ಇಬ್ಬರೂ ಹೋಗೋಣ,” ಎನ್ನುತ್ತಾರೆ. ಇರಲಿ, ಆಪರೇಷನ್‌ಗೆ ಇನ್ನೂ ದಿನ ಇದೆ, ಇನ್ನೊಂದು ಬಂದೇ ಬರುತ್ತದೆ ಎಂದುಕೊಂಡಳು. ಬಿರುಗಾಳಿಗಳು ಬಸ್ಸಿನ ಹಾಗೆ ಒಂದರ ಹಿಂದೊಂದು ಬರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಹಾಗಂದುಕೊಂಡಳು. ಬೆರಳು ಕೀಲಿಗಳ ಮೇಲೆ ಓಡಿತು.

‘ದವಡೆ: ನಸುಕಿನಿಂದಲೇ ಜೋರು ಕಡಲಗಾಳಿ. ಅಲೆಗಳು ಒಡೆದು ಚೂರಾಗಿರುತ್ತವೆ. ಹೋಗಿ ಪ್ರಯೋಜನವಿಲ್ಲ.’

ಅಷ್ಟು ವರ್ಷದಲ್ಲಿ ಅವಳ ಅಂದಾಜು ತಪ್ಪಿದ್ದುಂಟು. ಬೇಕೆಂದು ತಪ್ಪು ಬರೆದದ್ದು ಅದೊಂದೇ ಸಲ.

ಬೆಳಿಗ್ಗೆ ಎದ್ದಾಗ ತಂಗಿಯ ಹಾಸಿಗೆ ಖಾಲಿ. ಬಚ್ಚಲಿನ ಗೂಟದಲ್ಲಿ ರಬ್ಬರ್ ಉಡುಪಿಲ್ಲ. ಫೋನ್ ಮಾಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ, ಚಾರ್ಜಿಗಿಟ್ಟಲ್ಲಿ, ಅದು ತನ್ನ ಪಾಡಿಗೆ ರಿಂಗಾಯಿತು. ಅವಳು ತಲೆಯನ್ನೂ ಬಾಚದೆ ಆಫೀಸಿಗೆ ಓಡಿದಳು. ದೀಪಸ್ತಂಭದ ಮೇಲೆ ದವಡೆಯನ್ನೇ ನೋಡುವ ಒಂದು ಕ್ಯಾಮೆರಾ ಇತ್ತು. ಪರದೆ ಹಚ್ಚಿದಳು.

ಅಂಥ ಬೆಳಗನ್ನು ಅವಳು ಆವರೆಗೆ ನೋಡಿರಲಿಲ್ಲ. ಸಮುದ್ರ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು. ದೂರದಿಂದ ಗೆರೆ ಎಳೆದಂತೆ ಅಲೆಗಳು ಬರುತ್ತಿದ್ದವು. ಬಂಡೆಯ ಮೇಲೆ ಎದ್ದು ನಿಂತಾಗ ನೆಲಗಾಳಿ ಅವುಗಳ ತುದಿಯ ಹನಿಗಳನ್ನು ಹಿಂದಕ್ಕೆ ತೂರುತ್ತಿತ್ತು. ನೀರಿನಲ್ಲಿ ನಾಲ್ಕೈದು ಚುಕ್ಕೆ, ಅಷ್ಟೇ. ಉಳಿದವರೆಲ್ಲ ಅವಳ ಮಾತು ನಂಬಿ ಮಲಗಿದ್ದರು. ಒಂದು ಚುಕ್ಕೆಯ ಕೆಳಗೆ ತಂಗಿಯ ಕೆಂಪು ಬೋರ್ಡಿತ್ತು.

ಆ ಚುಕ್ಕೆ ಒಂದು ದೊಡ್ಡ ಅಲೆಗೆ ತಿರುಗಿತು. ಅಕ್ಕ ಪರದೆಯ ಅಂಚು ಹಿಡಿದುಕೊಂಡಳು. ಚುಕ್ಕೆ ಎದ್ದು ನಿಂತಿತು, ಕೆಳಕ್ಕೆ ಜಾರಿತು, ಸುರುಳಿಯೊಳಗೆ ಮಾಯವಾಯಿತು. ಪರದೆಯ ಮೇಲೆ ಬರೀ ನೀರು. ಆಮೇಲೆ ಅಲೆಯ ಅಂಚಿನ ಮೇಲಿಂದ ತಂಗಿ ಹಾರಿದ ಹಾಗೆ ಆಚೆ ಬಂದು, ಎರಡೂ ಕೈ ಮೇಲೆತ್ತಿದಳು. ಅದೊಂದೇ ಅಲ್ಲ, ಮತ್ತೆ ಮತ್ತೆ. ಒಂದು ಸಲವೂ ಬೀಳಲಿಲ್ಲ. ಅವಳು ಇಷ್ಟು ಚೆನ್ನಾಗಿ ಆಡುತ್ತಾಳೆಂದು ಅಕ್ಕನಿಗೆ ಗೊತ್ತೇ ಇರಲಿಲ್ಲ. ದುರ್ಬೀನಿನಲ್ಲಿ ನೋಡಿದ ಆ ಒಂದು ಬೆಳಗನ್ನೇ ಹಿಡಿದುಕೊಂಡು ಅವಳು ತಂಗಿಯನ್ನು ಅಳೆದಿದ್ದಳು.

ಹೊತ್ತೇರಿತು. ಅಂದಾಜು ಮಾಡಿದಂತೆಯೇ ಅಲೆ ಇಳಿಯಿತು. ದವಡೆ ಸಾಧುವಾಯಿತು. ತಲೆ ಎತ್ತರದ ಅಲೆಗಳು, ಒಂದರ ಹಿಂದೊಂದು ಬೇಕಾದಷ್ಟು ಬಿಡುವು ಕೊಟ್ಟು. ಅವಳು ಫೋನ್ ಕೈಗೆತ್ತಿಕೊಂಡಳು. ಮಾವನ ದವಾಖಾನೆಯಿಂದ ದೀಪಸ್ತಂಭಕ್ಕೆ ಕಾರಿನಲ್ಲಿ ಹೆಚ್ಚು ಹೊತ್ತು ಬೇಡ. ‘ಮಾವ, ಗಾಳಿ ತಿರುಗಿದೆ, ಹೊರಡಿ’ ಎಂದರೆ ಸಾಕಿತ್ತು. ಆದರೆ ಮಾವ ಹತ್ತಾರು ವರ್ಷ ಆ ನೀರಲ್ಲಿ ಬಿದ್ದೆದ್ದವರು. ಗಾಳಿ ಈಗ ತಿರುಗಿದ್ದೋ ಬೆಳಗಿನಿಂದ ಹೀಗೇ ಇದ್ದದ್ದೋ ಎಂದು ನೀರು ನೋಡಿದರೆ ತಿಳಿಯುತ್ತದೆ. ಕೇಳುತ್ತಾರೆ. ಏನು ಹೇಳುವುದು? ರೋಗಿ ಯಾರಾದರೂ ಕುರ್ಚಿಯಲ್ಲಿರುತ್ತಾರೆ, ಹೇಗೂ ಬಿಟ್ಟು ಬರುವುದಕ್ಕಾಗುವುದಿಲ್ಲ ಎಂದುಕೊಂಡಳು. ಕುತ್ತಿಗೆಗೆ ಏನಾದರೂ ಆದರೆ ಯಾರು ಹೊಣೆ ಎಂದುಕೊಂಡಳು. ಫೋನ್ ಕೆಳಗಿಟ್ಟಳು. ಎತ್ತಿಕೊಂಡಳು. ಮತ್ತೆ ಇಟ್ಟಳು. ಕೊನೆಗೆ ನಿಜವಾಗಿಯೇ ಕಡಲಗಾಳಿ ಎದ್ದು ಪರದೆಯ ಮೇಲಿನ ನೀರು ಒರಟಾಯಿತು. ಅವಳಿಗೆ ಒಂದು ಕ್ಷಣ ನಿರಾಳವೆನಿಸಿತು. ಆ ನಿರಾಳಕ್ಕೆ ಆಮೇಲೆ ಬಹಳ ನಾಚಿಕೊಂಡಳು.

ಸಂಜೆ ತಂಗಿ ಮನೆಗೆ ಬಂದಾಗ ಅವಳ ಕಣ್ಣು ಇನ್ನೂ ಉಪ್ಪಿಗೆ ಕೆಂಪಗಿತ್ತು, ಮುಖ ಮಾತ್ರ ದೀಪ ಹಚ್ಚಿದ ಹಾಗಿತ್ತು.

“ಅಕ್ಕಾ, ನಿನ್ನ ಗಾಳಿಮಾತು ಇವತ್ತು ಮೂಗು ಒಡಕೊಂಡು ಬಿತ್ತು ಕಣೇ! ಏನು ಬೆಳಗು, ಏನು ಅಲೆ!”

“ಗಾಳಿ ಇದೆ ಅಂತ ಬರೆದಿದ್ದೆನಲ್ಲ, ಯಾಕೆ ಹೋದೆ?”

“ನಾನೆಲ್ಲಿ ನಿನ್ನದು ಓದ್ತೀನಿ? ಬುರುಡೆಯ ಅಂಕಿ ಫೋನಿನಲ್ಲೇ ನೋಡ್ಕೋತೀನಿ. ನೀನೇ ತಾನೇ ಹೇಳಿಕೊಟ್ಟಿದ್ದು?” ತಂಗಿ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಾ ನಿಂತಳು. “ಮಾವ ಇರಬೇಕಿತ್ತು. ಆಮೇಲಾಮೇಲೆ ಅವರಿಗೇ ಹೇಳಿ ಮಾಡಿಸಿದ ಹಾಗಿತ್ತು. ಅವರು ನಿನ್ನದನ್ನು ಓದಿ ಸುಮ್ಮನೆ ಕೂತಿರ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಪಾಪ.”

ಅಕ್ಕ ದಾರಿಗಡ್ಡವಿದ್ದ ಬೋರ್ಡೊಂದನ್ನು ಗೋಡೆಗೆ ಸರಿಸತೊಡಗಿದಳು. ತಂಗಿ ಟವೆಲು ಇಳಿಸಿ ಅವಳ ಮುಖ ನೋಡಿದಳು.

“ಬುರುಡೆ ನಿನ್ನೆ ಸಂಜೆಯೇ ತೋರಿಸ್ತಿತ್ತು. ನಾನೇ ನೋಡಿದೆ. ನಿನಗೆ ಕಾಣಲಿಲ್ವಾ?”

“ಕಂಡಿತ್ತು.”

“ಮತ್ತೆ?”

“ನೀನು ಹೋಗಬಾರದು ಅಂತ.” ಅಕ್ಕ ಬೋರ್ಡಿನಿಂದ ಕೈ ತೆಗೆದಳು. “ಹೋದ ವರ್ಷ ನೀನು ಮುಳುಗಿದ್ದು ನಾನು ನೋಡಿದೆ. ಗುಡ್ಡದ ಮೇಲೆ ನಿಂತಿದ್ದೆ.”

ತಂಗಿ ಟವೆಲು ಮಡಚಿ ಕುರ್ಚಿಯ ಮೇಲಿಟ್ಟಳು. ರೇಗಾಡುತ್ತಾಳೆ ಎಂದುಕೊಂಡಿದ್ದಳು ಅಕ್ಕ. ರೇಗಲಿಲ್ಲ.

“ನನ್ನನ್ನ ತಡೀಬೇಕಿದ್ರೆ ಬಾಗಿಲಿಗೆ ಅಡ್ಡ ನಿಂತು ಜಗಳ ಆಡಬಹುದಿತ್ತಲ್ಲ ಅಕ್ಕಾ. ಮಾವ ಏನು ಮಾಡಿದ್ರು ನಿನಗೆ?”

ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾವನಿಗೆ ಹೇಳುವುದು ಅಕ್ಕನ ಪಾಲಿನ ಕೆಲಸವೆಂದು ಬಿಟ್ಟಳು, ತಾನಾಗಿ ಅವರಿಗೆ ಒಂದು ಮಾತೂ ಹೇಳಲಿಲ್ಲ.

ಅಲ್ಲಿಂದಾಚೆ ಅವಳು ಪರದೆಗೆ ಅಂಟಿಕೊಂಡಳು. ಇನ್ನೊಂದು ಬೆಳಗು ಬಂದರೆ ಮಾವನ ಮನೆಯ ಬಾಗಿಲಿಗೇ ಹೋಗಿ ಎಬ್ಬಿಸುವುದು, ಕಾರು ತಾನೇ ಓಡಿಸುವುದು ಎಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಳು. ಬರಲಿಲ್ಲ. ಸಮುದ್ರ ಎಣ್ಣೆ ಹೊಯ್ದ ಹಾಗೆ ಮಲಗಿತು. ಒಂದು ಸಲ ಅಲೆ ಬಂತು, ಜೊತೆಗೆ ಕಡಲಗಾಳಿಯೂ ಬಂತು. ಮಾವ ಸಂಜೆ ಫೋನ್ ಮಾಡಿ, “ಏನಾದ್ರೂ ಕಾಣ್ತಿದೆಯಾ?” ಎಂದು ಕೇಳುತ್ತಿದ್ದರು. “ಇಲ್ಲ ಮಾವ,” ಎನ್ನುತ್ತಿದ್ದಳು. ಅದು ಈಗ ನಿಜವಾಗಿತ್ತು. “ಹೋಗಲಿ ಬಿಡು, ನೀನೇನು ಅಲೆ ಎಬ್ಬಿಸಿ ಕೊಡೋಕಾಗುತ್ತಾ,” ಎಂದು ಅವರೇ ಅವಳನ್ನು ಸಮಾಧಾನ ಮಾಡಿ ಫೋನಿಡುತ್ತಿದ್ದರು.

ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಅತ್ತೆಯ ಪಕ್ಕ ಕೂತಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡು, “ಒಂದು ಪುಣ್ಯ ಅಂದ್ರೆ, ಈ ಮನುಷ್ಯ ಈ ಕುತ್ತಿಗೆ ಇಟ್ಕೊಂಡು ನೀರಿಗೆ ಇಳೀಲಿಲ್ಲ. ನೀನು ಅಲೆ ಇಲ್ಲ ಅಂತ ಬರೀತಿದ್ದೆ, ಅವರು ಸುಮ್ಮನಿದ್ರು,” ಎಂದರು. ಆ ಸಮಾಧಾನವನ್ನು ತನ್ನದು ಮಾಡಿಕೊಳ್ಳಬಹುದಿತ್ತು. ಅವಳು ಪ್ರಯತ್ನಿಸಿಯೂ ನೋಡಿದಳು. ಒಗ್ಗಲಿಲ್ಲ.

ಆಪರೇಷನ್ ಚೆನ್ನಾಗೇ ಆಯಿತು. ಬೆರಳುಗಳಿಗೆ ಜೀವ ಬಂತು. ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಮಾವನ ಮನೆಗೆ ಹೋದಳು. ಅತ್ತೆ ಹೊರಗೆ ಹೋಗಿದ್ದರು. ಮಾವ ಊಟದ ಮೇಜಿನ ಬಳಿ, ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡು, ಬೆರಳಿಗೆ ವ್ಯಾಯಾಮವೆಂದು ಹಿಟ್ಟಿನ ಮುದ್ದೆಯೊಂದನ್ನು ಹಿಸುಕುತ್ತಾ ಕೂತಿದ್ದರು. ಅವಳನ್ನು ನೋಡಲು ಕುರ್ಚಿಸಮೇತ ತಿರುಗಬೇಕಾಯಿತು.

“ನೋಡು, ಹಳೇ ಕಾಲದ ರಾಜರ ಹಾಗೆ. ಯಾರನ್ನೂ ವಾರೆನೋಟದಲ್ಲಿ ನೋಡೋ ಹಾಗಿಲ್ಲ, ಎಲ್ಲರಿಗೂ ಪೂರ್ತಿ ಮುಖ.”

ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಬಿರುಗಾಳಿ, ಲೆಕ್ಕ, ತಾನು ಬರೆದ ಸುಳ್ಳು, ಪರದೆಯ ಮೇಲೆ ನೋಡಿದ್ದು, ಎತ್ತಿ ಇಟ್ಟ ಫೋನು. ಮಾವ ಹಿಸುಕುವುದನ್ನು ನಿಲ್ಲಿಸಿದರು.

“ಯಾವತ್ತು ಅದು? ನಿನ್ನ ತಂಗಿಗೆ ಈಜುಕೊಳದಲ್ಲಿ ರಜಾ ಇದ್ದ ದಿನವಾ?”

“ಹೌದು ಮಾವ.”

“ಅವತ್ತು ಬೆಳಿಗ್ಗೆ ನಾನು ಎದ್ದಿದ್ದೆ.” ಅವರು ಕಿಟಕಿಯ ಕಡೆ ಕೈ ತೋರಿಸಿದರು. “ಕಿಟಕಿ ತೆಗೆದೆ. ಹಿತ್ತಲಿನ ಕಡೆಯಿಂದ ತಣ್ಣಗೆ ಗಾಳಿ ಬಂತು. ನೆಲಗಾಳಿ ಅಲ್ವಾ ಇದು ಅನ್ನಿಸ್ತು. ಬೋರ್ಡು ಕಾರಿಗೆ ಕಟ್ಟೋಣ ಅಂತ ಹೊರಗೂ ಬಂದೆ. ಆಮೇಲೆ, ನೀನು ಅಷ್ಟು ಖಚಿತವಾಗಿ ಬರೆದಿದ್ದೀಯ, ನಂದೇನೋ ಆಸೆಗಣ್ಣು ಅಂದ್ಕೊಂಡು ಒಳಗೆ ಹೋದೆ.”

ಅವಳಿಗೆ ಅಳು ಬಂತು. ಅತ್ತರೆ ಅವರೇ ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡಳು.

“ಹೇಗಿತ್ತು? ನಾನು ಹೋಗೋ ಹೊತ್ತಿಗೆ ಹೇಗಿರ್ತಿತ್ತು?”

“ತಲೆ ಎತ್ತರ ಮಾವ. ಅಲೆಯ ಮುಖ ನಯವಾಗಿತ್ತು. ಒಂದಕ್ಕೂ ಇನ್ನೊಂದಕ್ಕೂ…”

ಮಾವ ಕೈ ಎತ್ತಿದರು. “ಸಾಕು. ಬೇಡ.”

ಅವರು ಹಿಟ್ಟಿನ ಮುದ್ದೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಚಪ್ಪಟೆ ಮಾಡಿದರು. “ಕುತ್ತಿಗೆ ಮುರೀತಿತ್ತೇನೋ. ಯಾರಿಗೆ ಗೊತ್ತು. ಆದರೆ ಅದು ನಾನು ಯೋಚನೆ ಮಾಡಬೇಕಾದ್ದು ಕಣೇ, ನೀನಲ್ಲ,” ಎಂದರು. ಸಿಟ್ಟಿನ ದನಿಯಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ಆಮೇಲೆ, “ಚಹಾ ಮಾಡ್ತೀಯಾ? ನನಗೆ ಬಗ್ಗೋಕಾಗಲ್ಲ,” ಎಂದರು. ಅವಳು ಮಾಡಿದಳು. ಇಬ್ಬರೂ ಬೇರೆ ಏನೇನೋ ಮಾತಾಡುತ್ತಾ ಕುಡಿದರು.

ಮಾವ ಬದಲಾಗಲಿಲ್ಲ. ದವಾಖಾನೆಗೆ ಅರ್ಧ ದಿನ ಹೋಗತೊಡಗಿದರು, ಅವಳನ್ನು ಗದರಿಸಿಯೇ ಹಲ್ಲು ತುಂಬಿದರು, ತಮ್ಮ ಬೋರ್ಡನ್ನು ತಂಗಿಗೆ ಕೊಟ್ಟರು. ಆ ವಿಷಯ ಮತ್ತೆ ಎತ್ತಲಿಲ್ಲ. ಸಂಜೆಯ ಫೋನು ಮಾತ್ರ ನಿಂತಿತು. ನಿಲ್ಲಲೇಬೇಕಿತ್ತು, ಅವರಿಗಿನ್ನು ನಾಳೆಯ ಅಲೆ ಕಟ್ಟಿಕೊಂಡು ಏನಾಗಬೇಕು? ಆದರೂ ಆ ಹೊತ್ತಿಗೆ ಅವಳ ಕಿವಿ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ತಂಗಿ ನಿಧಾನಕ್ಕೆ ಮಾತಿಗೆ ಮರಳಿದಳು, ಆದರೆ ದವಡೆಗೆ ಹೊರಡುವಾಗ ಹೇಳಿ ಹೋಗುವ ಅಭ್ಯಾಸ ಬಿಟ್ಟಳು.

ಮುಂದಿನ ವರ್ಷ ಹವಾ ತಿಳಿಯಾಗಿದ್ದ ಒಂದು ದಿನ ಅವಳು ಮೀನುದೋಣಿಯವರೊಬ್ಬರನ್ನು ಕೇಳಿಕೊಂಡು ಮಾವನನ್ನು ದವಡೆಯ ಹತ್ತಿರ ಕರೆದುಕೊಂಡು ಹೋದಳು. ಬಂಡೆಯ ಪಕ್ಕದ ಆಳ ನೀರಿನಲ್ಲಿ ದೋಣಿ ನಿಲ್ಲಿಸಿದರೆ ಅಲೆ ಪಕ್ಕದಿಂದ ಕಾಣುತ್ತದೆ. ತಂಗಿ ಅಲ್ಲಿ ಆಡುತ್ತಿದ್ದಳು. ಮಾವ ಹಲಗೆಯ ಅಂಚು ಹಿಡಿದು ನೋಡಿದರು. ಪ್ರತಿ ಅಲೆಗೂ ಅವರ ಭುಜ ತಾನಾಗಿ ಒಂದಿಷ್ಟು ವಾಲುತ್ತಿತ್ತು. ಅವರು ಸಂತೋಷಪಟ್ಟರು ಅನ್ನಬೇಕು. ತಂಗಿಗೆ ಕೈ ಬೀಸಿದರು. ಆದರೆ ಅವಳು ಎಣಿಸಿದ್ದಕ್ಕಿಂತ ಬಹಳ ಬೇಗ, “ಹೋಗೋಣ,” ಎಂದರು.

ದೋಣಿ ದಂಡೆಯ ಕಡೆ ತಿರುಗಿತು. ಮಾವನ ಬೆನ್ನು ದವಡೆಗಿತ್ತು. ಅವಳು ಎದುರು ಕೂತಿದ್ದರಿಂದ ಅವರ ಭುಜದಾಚೆ ಅವಳಿಗೆಲ್ಲ ಕಾಣುತ್ತಿತ್ತು.

“ಹಿಂದೆ ಏನಾದ್ರೂ ಬರ್ತಿದೆಯಾ?” ಎಂದು ಮಾವ ಕೇಳಿದರು.

“ಬರ್ತಿದೆ ಮಾವ. ಒಳ್ಳೇದಿದೆ.”

ಅವರು ಆದಷ್ಟು ತಲೆಯಾಡಿಸಿದರು. ತಿರುಗಿ ನೋಡಬೇಕಾದರೆ ಎದ್ದು ಇಡೀ ಮೈ ತಿರುಗಿಸಬೇಕಿತ್ತು. ಮಾವ ಏಳಲಿಲ್ಲ.